ಪಟ್ಟಾ ಇದೆ, ಅಡಂಗಲ್ ಎಲ್ಲಿ? ವರ್ಚುವಲ್ ಡಿಸ್ಕಿನ ಬ್ಲಾಕ್ ಲೆಕ್ಕದ ಒಂದು ವಿಮರ್ಶೆ

ಈ ಗೋಷ್ಠಿಗೆ ತಾಳವಾಡಿ ಕಡೆಯವರೂ ಚಾಮರಾಜನಗರ ಕಡೆಯವರೂ ಸೇರಿದ್ದೀರಿ. ಹಾಗಾಗಿ ನಿಮಗೆಲ್ಲ ಗೊತ್ತಿರುವ ಕಾಗದಪತ್ರದಿಂದಲೇ ಶುರು ಮಾಡೋಣ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಮಾತು ಒಂದೇ ಆದರೂ ಜಮೀನಿನ ದಾಖಲೆ ಬೇರೆಯಾಯಿತು. ತಾಳವಾಡಿಯಲ್ಲಿ ಜಮೀನು ಯಾರದು ಅನ್ನೋದು ಪಟ್ಟಾದಲ್ಲಿ ಇರುತ್ತೆ, ಅಲ್ಲಿ ಏನು ಬೆಳೆದಿದೆ ಅನ್ನೋದು ಅಡಂಗಲ್‌ನಲ್ಲಿ. ಗಡಿಯ ಈಚೆ ಪಹಣಿ ಎರಡನ್ನೂ ಒಂದೇ ಹಾಳೆಯಲ್ಲಿ ತೋರಿಸುತ್ತೆ. ವರ್ಚುವಲ್ ಡಿಸ್ಕಿನ ಲೆಕ್ಕದಲ್ಲಿ ಇರೋದು ಬರೀ ಪಟ್ಟಾ. ನಾವು ಅದನ್ನು ಪಹಣಿ ಅಂತ ಓದುತ್ತೇವೆ. ನನ್ನ ತಕರಾರು ಇಷ್ಟೇ.

ಮೊದಲು ಗುಣ ಹೇಳಬೇಕು. ಕ್ಯೂಎಮು ಬಳಸುವ ಕ್ಯೂಕೌ2 ಕಡತವನ್ನೇ ತೆಗೆದುಕೊಳ್ಳಿ. ಡಿಸ್ಕನ್ನು ಸಾಮಾನ್ಯವಾಗಿ 64 ಕೆಬಿಯ ತುಂಡುಗಳಾಗಿ ನೋಡುತ್ತೆ. ಎರಡು ಹಂತದ ಕೋಷ್ಟಕ. ಎರಡನೇ ಹಂತದ ಒಂದೊಂದು ಕೋಷ್ಟಕದಲ್ಲಿ 8,192 ನಮೂದು, ಅಂದರೆ 512 ಎಂಬಿ ಡಿಸ್ಕಿನ ಲೆಕ್ಕ. ಒಳಗಿನ ಯಂತ್ರ ಬರೆದಾಗ ಮಾತ್ರ ಜಾಗ ಮಂಜೂರು. ಆದ್ದರಿಂದ 100 ಜಿಬಿ ಅಂತ ಹೇಳಿಕೊಳ್ಳುವ ಡಿಸ್ಕ್ ಹುಟ್ಟುವಾಗ ಕೆಲವು ನೂರು ಕೆಬಿ ಅಷ್ಟೇ. ಇದು ಜಾಣ ವಿನ್ಯಾಸ, ಅನುಮಾನ ಇಲ್ಲ.

ತೊಡಕು ಇರೋದು ಅಳಿಸುವಾಗ. ಒಳಗಿನ ಯಂತ್ರದಲ್ಲಿ 20 ಜಿಬಿ ಕಡತ ಅಳಿಸಿದರೆ ಅದರ ಫೈಲ್ ಸಿಸ್ಟಂ ತನ್ನ ಪುಸ್ತಕದಲ್ಲಿ ‘ಖಾಲಿ’ ಅಂತ ಬರೆದುಕೊಳ್ಳುತ್ತೆ. ಹೊರಗಿನ ಕೋಷ್ಟಕಕ್ಕೆ ಆ ಸುದ್ದಿ ತಾನಾಗಿ ಮುಟ್ಟಲ್ಲ. ಬೀಳು ಬಿದ್ದ ಹೊಲಕ್ಕೂ ಪಟ್ಟಾ ಇದ್ದೇ ಇರುತ್ತಲ್ಲ, ಹಾಗೆ. ಸುದ್ದಿ ಮುಟ್ಟಿಸೋಕೆ ಡಿಸ್ಕಾರ್ಡ್ ಅನ್ನುವ ಆದೇಶ ಇದೆ. ಆದರೆ ನಾವಾಗಿ ಹೇಳದಿದ್ದರೆ ಕ್ಯೂಎಮು ಅದನ್ನು ಕಡೆಗಣಿಸುತ್ತೆ. ಹೀಗೆ ಬೆಳೆದ ಕಡತಗಳು ಅಸಲಿ ಡಿಸ್ಕನ್ನು ತುಂಬಿಬಿಟ್ಟರೆ, ಒಳಗೆ ಅರ್ಧ ಜಾಗ ಖಾಲಿ ಕಾಣುತ್ತಿದ್ದರೂ ಯಂತ್ರ ನಿಂತುಹೋಗುತ್ತೆ.

ಇನ್ನೂ ಗಂಭೀರವಾದದ್ದು ಬ್ಯಾಕಪ್. ದಿನದಿನವೂ ಇಡೀ ಡಿಸ್ಕ್ ನಕಲು ಮಾಡೋದು ಆಗದ ಮಾತು. ಯಾವ ಬ್ಲಾಕ್ ಬದಲಾಯಿತು ಅಂತ ಪಟ್ಟಿ ಕೇಳಿ ಅಷ್ಟನ್ನೇ ಒಯ್ಯುತ್ತಾರೆ. 2014ರಲ್ಲಿ ವಿಎಂವೇರ್‌ನ ಈ ಪಟ್ಟಿಯಲ್ಲೇ ದೋಷ ಇದೆ ಅಂತ ಬಯಲಾಯಿತು: ಡಿಸ್ಕನ್ನು 128 ಜಿಬಿ ಗಡಿ ದಾಟಿ ಹಿಗ್ಗಿಸಿದ್ದರೆ ಪಟ್ಟಿ ತಪ್ಪಾಗಿ ಬರಬಹುದಿತ್ತು. ಬ್ಯಾಕಪ್ ‘ಯಶಸ್ವಿ’ ಅಂತಲೇ ತೋರಿಸಬಹುದು. ಕೊರತೆ ಗೊತ್ತಾಗೋದು ಮರಳಿ ತೆಗೆಯುವ ದಿನ. ಪರಿಹಾರ ಏನಿತ್ತು? ಪಟ್ಟಿಯನ್ನು ಅಳಿಸಿ, ಹೊಸದಾಗಿ ಶುರು ಮಾಡಿ, ಪೂರ್ತಿ ನಕಲು ತೆಗೆಯೋದು. ಅಂದರೆ ಲೆಕ್ಕ ಬಿಟ್ಟು ಹೊಲಕ್ಕೇ ಹೋಗಿ ಅಳತೆ ಮಾಡೋದು.

ಎರಡು ಪುಸ್ತಕ ಇರುವುದು ತಪ್ಪಲ್ಲ. ಒಳಗಿನ ಯಂತ್ರದ ಗುಟ್ಟು ಹೊರಗಿನದಕ್ಕೆ ತಿಳಿಯದಿರುವುದರಲ್ಲಿ ಸುರಕ್ಷತೆಯೂ ಇದೆ. ತಪ್ಪು ನಮ್ಮ ಪರಿಭಾಷೆಯದು. ‘ಮಂಜೂರಾಗಿದೆ’ ಅನ್ನೋದನ್ನು ‘ಬಳಕೆಯಲ್ಲಿದೆ’ ಅಂತಲೂ, ‘ಪಟ್ಟಿಯಲ್ಲಿಲ್ಲ’ ಅನ್ನೋದನ್ನು ‘ಬದಲಾಗಿಲ್ಲ’ ಅಂತಲೂ ಓದುತ್ತೇವೆ. ಕನ್ನಡದಲ್ಲಿ ಈ ವಿಷಯ ಬರೆಯುವವರು ಈ ನಾಲ್ಕು ಮಾತುಗಳನ್ನು ಬೇರೆ ಬೇರೆಯಾಗಿ ಇಟ್ಟರೆ ಸಾಕು, ಅರ್ಧ ಗೊಂದಲ ಕಳೆಯುತ್ತೆ. ಉಳಿದರ್ಧಕ್ಕೆ ಆಗಾಗ ಒಂದು ಬ್ಯಾಕಪ್ ಅನ್ನು ನಿಜವಾಗಿಯೂ ಮರಳಿ ತೆಗೆದು ನೋಡಲೇಬೇಕು. ಪ್ರಶ್ನೆಗಳಿದ್ದರೆ ಕೇಳಿ.