ಮೂರು ಕೂಗಿಗೆ ಮುಗಿಯುವ ದಾವೆ

ವಾದಿ ಗೈರು, ವಕೀಲರೂ ಗೈರು, ದಾವೆ ವಜಾ. ಆದೇಶ ಹಾಳೆಯ ಮೇಲೆ ಇಷ್ಟು ಬರೆಯಲು ಒಂದು ನಿಮಿಷ ಸಾಕು. ಕೋರ್ಟಿನ ಜವಾನ ಬಾಗಿಲಲ್ಲಿ ಮೂರು ಸಲ ಹೆಸರು ಕೂಗಿ ಒಳಗೆ ಬರುವಷ್ಟರಲ್ಲಿ ವರ್ಷಗಟ್ಟಲೆ ನಡೆದ ಜಮೀನಿನ ವ್ಯಾಜ್ಯ ಮುಗಿದುಹೋಗುತ್ತದೆ. ಯಾರ ಪತ್ರ ಗಟ್ಟಿ, ಯಾರ ಸಾಕ್ಷಿ ನಂಬುವಂಥದ್ದು ಎಂದು ಯಾರೂ ನೋಡಿರುವುದಿಲ್ಲ.

ಇಂಥ ದಾವೆಗೆ ಮರುಜೀವ ಕೊಡುವ ದಾರಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದಲ್ಲಿದೆ. ಎರಡೂ ಕಡೆಯವರು ಗೈರಾಗಿ ವಜಾ ಆದರೆ, ಕಾಲಮಿತಿ ಉಳಿದಿದ್ದಲ್ಲಿ ಹೊಸ ದಾವೆಯನ್ನೇ ಹೂಡಬಹುದು. ಪ್ರತಿವಾದಿ ಹಾಜರಿದ್ದು ವಾದಿ ಮಾತ್ರ ಇಲ್ಲದಿದ್ದರೆ ಕಥೆ ಬೇರೆ. ಅದೇ ವ್ಯಾಜ್ಯಕಾರಣಕ್ಕೆ ಮತ್ತೆ ದಾವೆ ಹಾಕುವಂತಿಲ್ಲ; ಗೈರಿಗೆ ಸಾಕಷ್ಟು ಕಾರಣವಿತ್ತೆಂದು ತೋರಿಸಿ ಹಳೆಯದನ್ನೇ ಪುನಃಸ್ಥಾಪಿಸಿಕೊಳ್ಳಬೇಕು. ಯಾವುದು ಸಾಕಷ್ಟು ಕಾರಣ ಎಂದು ಸಂಹಿತೆ ಪಟ್ಟಿ ಕೊಟ್ಟಿಲ್ಲ. ಅದು ಒಳ್ಳೆಯದೇ. ಆಸ್ಪತ್ರೆ, ಸಾವು, ಕೆಟ್ಟು ನಿಂತ ಬಸ್ಸು ಎಲ್ಲವನ್ನೂ ಪಟ್ಟಿಯಲ್ಲಿ ಹಿಡಿಸಲಾಗದು.

ಆದರೆ ಪಟ್ಟಿಯಿಲ್ಲದ ಕಡೆ ನ್ಯಾಯಾಧೀಶರ ಮನೋಧರ್ಮವೇ ನಿರ್ಣಾಯಕ. 1955ರ ಸಂಗ್ರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಕ್ರಿಯೆಯ ನಿಯಮಗಳಿರುವುದು ನ್ಯಾಯಕ್ಕೆ ನೆರವಾಗಲು, ಕಕ್ಷಿದಾರರನ್ನು ದಂಡಿಸಲು ಅಲ್ಲ ಎಂದಿತು. 1981ರ ರಫೀಕ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ವಕೀಲರ ಗೈರಿಗೆ ಅವರನ್ನು ನಂಬಿ ಮನೆಯಲ್ಲಿದ್ದ ಹಳ್ಳಿಯವನು ಬಲಿಯಾಗಬಾರದು ಎಂದು ಮೇಲ್ಮನವಿಗೆ ಜೀವ ಕೊಟ್ಟಿತು; ಖರ್ಚನ್ನು ಗೈರಾದ ವಕೀಲರಿಂದಲೇ ವಸೂಲು ಮಾಡಲು ಹೇಳಿತು. 2024ರ ರಜನೀಶ್ ಕುಮಾರ್ ಪ್ರಕರಣದ ಧಾಟಿ ಬೇರೆ: ತಪ್ಪನ್ನೆಲ್ಲ ವಕೀಲರ ಮೇಲೆ ಹಾಕಿ ಕಕ್ಷಿದಾರ ಪಾರಾಗುವಂತಿಲ್ಲ, ತನ್ನ ಕೇಸಿನ ಮೇಲೆ ಅವನಿಗೂ ನಿಗಾ ಇರಬೇಕು. ಓದುಬರಹ ಬಲ್ಲ ವ್ಯಾಪಾರಿಗೆ ಈ ಮಾತು ಸರಿ. ವಾಯಿದೆ ತಾರೀಖಿಗೂ ವಕೀಲರ ಗುಮಾಸ್ತರನ್ನೇ ಕೇಳಬೇಕಾದ ವಿಧವೆಗೆ ಇದೇ ಅಳತೆ ಹಿಡಿದರೆ ಅನ್ಯಾಯ. ರಫೀಕ್ ತೀರ್ಪಿನ ಕರುಣೆ ಇಂದಿಗೂ ಬೇಕು.

ಎಲ್ಲಕ್ಕಿಂತ ದೊಡ್ಡ ಹುಳುಕು 1963ರ ಕಾಲಮಿತಿ ಕಾಯ್ದೆಯಲ್ಲಿದೆ. ತಾನು ಗೈರಾದಾಗ ಆದ ಏಕಪಕ್ಷೀಯ ಡಿಕ್ರಿ ರದ್ದುಪಡಿಸಲು ಪ್ರತಿವಾದಿಗೆ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಎಣಿಕೆ. ಹೀಗೆನ್ನುವುದು 123ನೇ ಅನುಚ್ಛೇದ. ಅದರ ಹಿಂದಿನ 122ನೇ ಅನುಚ್ಛೇದದಲ್ಲಿ ವಾದಿಗೂ 30 ದಿನವೇ, ಆದರೆ ಎಣಿಕೆ ವಜಾ ಆದ ದಿನದಿಂದಲೇ ಶುರು. ವಜಾ ಆದದ್ದು ಅವನ ಕಿವಿಗೆ ಬಿದ್ದಿದೆಯೋ ಇಲ್ಲವೋ ಲೆಕ್ಕಕ್ಕಿಲ್ಲ. ತಡವಾದರೆ 5ನೇ ಕಲಮಿನಡಿ ವಿಳಂಬ ಮನ್ನಿಸಿ ಎಂದು ಇನ್ನೊಂದು ಅರ್ಜಿ. ಕರ್ನಾಟಕದ ಕೋರ್ಟುಗಳಲ್ಲಿ ಪುನಃಸ್ಥಾಪನೆಯ ಅರ್ಜಿಗೆ ಮಿಸಲೇನಿಯಸ್ ಪ್ರಕರಣವೆಂದು ಬೇರೆ ನಂಬರು ಬೀಳುತ್ತದೆ. ಎದುರಾಳಿಗೆ ನೋಟಿಸು, ಆಕ್ಷೇಪಣೆ, ಕೆಲವೊಮ್ಮೆ ಪಾಟೀಸವಾಲು. ಮೂಲ ದಾವೆ ಅಲ್ಲಿಯವರೆಗೆ ಕಪಾಟಿನಲ್ಲಿ.

ಚೆಕ್ ಬೌನ್ಸ್‌ನಂಥ ಖಾಸಗಿ ದೂರುಗಳಲ್ಲಿ ಈ ಬಾಗಿಲೂ ಇಲ್ಲ. ಫಿರ್ಯಾದಿ ಬರದಿದ್ದರೆ ಆರೋಪಿ ಖುಲಾಸೆಯಾಗಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 256ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 279 ಆಗಿದೆ. ಕೊಟ್ಟ ಆದೇಶವನ್ನು ಹಿಂಪಡೆಯುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿಲ್ಲವೆಂದು ಸುಪ್ರೀಂ ಕೋರ್ಟಿನ ಬಿಂದೇಶ್ವರಿ ಪ್ರಸಾದ್ ಸಿಂಗ್ ಮತ್ತು 1986ರ ಗೌರಾಯ ತೀರ್ಪುಗಳು ಹೇಳಿವೆ. ಫಿರ್ಯಾದಿ ಮೇಲಿನ ಕೋರ್ಟಿನ ಮೆಟ್ಟಿಲೇ ಹತ್ತಬೇಕು.

ಎದುರಾಳಿಯ ಅಲೆದಾಟಕ್ಕೂ ಬೆಲೆಯಿದೆ. ವಿಚಾರಣೆ ಎಳೆಯಲೆಂದೇ ಗೈರಾಗುವವರೂ ಉಂಟು. ಅವರ ಮೇಲೆ ಕೋರ್ಟು ಭಾರೀ ಖರ್ಚು ಹೇರಲಿ. ಕಾನೂನು ಆ ಅಧಿಕಾರವನ್ನು ಕೊಟ್ಟೇ ಇದೆ. ಸಂಸತ್ತು 122ನೇ ಅನುಚ್ಛೇದವನ್ನು ತಿದ್ದಿ, ವಜಾ ಆದ ವಿಷಯ ತಿಳಿದ ದಿನದಿಂದ ಎಣಿಕೆ ಶುರುವಾಗುವಂತೆ ಮಾಡಬೇಕು. ಅಲ್ಲಿಯವರೆಗೆ ಕೇಸಿರುವ ಪ್ರತಿಯೊಬ್ಬರೂ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ತಮ್ಮ ಕೇಸಿನ ನಂಬರು ಹಾಕಿ ಮುಂದಿನ ತಾರೀಖನ್ನು ತಾವೇ ನೋಡಿಕೊಳ್ಳಲಿ, ವಜಾ ಆಗಿದ್ದರೆ 30 ದಿನದೊಳಗೆ ಆಸ್ಪತ್ರೆ ಚೀಟಿ, ಪ್ರಮಾಣಪತ್ರ ಸಮೇತ ಅರ್ಜಿ ಹಾಕಲಿ.