ಹೂತೆ ಎಂದವನ ಕಾಗದ

2025ರ ಜುಲೈನಲ್ಲಿ ಧರ್ಮಸ್ಥಳದ ಒಬ್ಬ ಮಾಜಿ ಸಫಾಯಿ ಕೆಲಸಗಾರ ಹೆಸರು ಮುಚ್ಚಿಟ್ಟು ದೂರು ಕೊಟ್ಟ: 1995ರಿಂದ 2014ರವರೆಗೆ ಜೀವಬೆದರಿಕೆಗೆ ಅಂಜಿ ನೂರಾರು ಹೆಣ ಹೂತೆ ಎಂದ. ನಮ್ಮ ಹುನ್ನೂರಿನ ಕಟ್ಟೀಮ್ಯಾಲ ಕುಂತವರು ಆ ಕಾಗದದಾಗ ಕೊಲೆಗಾರನ ಮನಸ್ಸು ಹುಡುಕಿದರು. ನಾವು ಕ್ರಿಯಾಪದ ಹುಡುಕಿದೆವು. ತಾನು ಕೊಂದೆ ಎಂದು ಅವನು ಹೇಳಲಿಲ್ಲ, ಹೂತೆ ಎಂದ. ಊರಿನ ಹೆಣ, ಹೊಲಸು ಯಾರ ಹೆಗಲಿಗೆ ಬಂದವು ಎಂಬುದು ನಮಗೆ ಗೊತ್ತು. ಅದಕ್ಕೇ ಅವನನ್ನು ನಂಬುವ ಆಸೆ ನಮಗಿತ್ತು. ಆಗಸ್ಟ್ 23ರಂದು ವಿಶೇಷ ತನಿಖಾ ತಂಡ ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ಅವನನ್ನೇ ಬಂಧಿಸಿತು. ಆಸೆ ವಿಮರ್ಶೆಯಲ್ಲ, ಗೆಳೆಯರೇ. ಪಶ್ಚಾತ್ತಾಪದ ಮಾತನ್ನು ಯಾರಾದರೂ ಬರೆಯಬಹುದು. ಅವನ ನಿಜ-ಸುಳ್ಳು ಕೋರ್ಟು ಅಳೆಯಲಿ. ಗುರುತಿಲ್ಲದೆ ಮಣ್ಣಾದವರ ಲೆಕ್ಕ ಕೇಳೋದನ್ನ ಮಾತ್ರ ನಾವು ಬಿಡಬಾರದು.