ಆಮೋಸನ ದಂಡವಾಣಿಯಲ್ಲಿ ಮೋವಾಬಿನ ಸ್ಥಾನ

ಇಬ್ರಿಯ ಪ್ರವಾದಿಗಳ ಗ್ರಂಥಗಳಲ್ಲಿ ಪರರಾಷ್ಟ್ರಗಳನ್ನು ಕುರಿತ ದಂಡವಾಣಿಗಳು ಒಂದು ಪ್ರತ್ಯೇಕ ಕಾವ್ಯಜಾತಿಯೇ ಆಗಿರುವುವು. ಯೆಶಾಯ, ಯೆರೆಮೀಯ, ಯೆಹೆಜ್ಕೇಲರಲ್ಲಿ ಇವು ಅಧ್ಯಾಯಗಟ್ಟಲೆ ಹಬ್ಬಿವೆ. ಓದುವವರಲ್ಲಿ ಕೆಲವರು, ಗ್ರಹಣವನ್ನು ಪಂಚಾಂಗದೊಡನೆ ತಾಳೆನೋಡುವಂತೆ, ನುಡಿದದ್ದು ನಡೆಯಿತೇ ಎಂದು ಚರಿತ್ರೆಯೊಡನೆ ತಾಳೆನೋಡುವರು. ಮತ್ತೆ ಕೆಲವರು ಗರ್ವಿಷ್ಠರಾದ ಶತ್ರುಗಳಿಗೆ ತಕ್ಕ ಶಾಸ್ತಿಯಾಯಿತೆಂದು ತೃಪ್ತರಾಗುವರು. ಈ ಎರಡನೆಯ ಓದೇ ಹೆಚ್ಚು ಅಪಾಯಕರವೆಂದು ನಮ್ಮ ಮತ. ಆಮೋಸನ ಮೊದಲೆರಡು ಅಧ್ಯಾಯಗಳಾದರೋ ಆ ತೃಪ್ತಿಯನ್ನೇ ಬಲೆಯಾಗಿ ಒಡ್ಡಿ ಶ್ರೋತೃವನ್ನು ಹಿಡಿಯುವುವು.

ಆಮೋಸನು ಕ್ರಿ. ಪೂ. ೮ನೆಯ ಶತಮಾನದವನು, ದಕ್ಷಿಣದ ಯೆಹೂದರಾಜ್ಯದ ತೆಕೋವದ ಕುರಿಗಾಹಿ. ಅವನು ನುಡಿದದ್ದು ಇಮ್ಮಡಿ ಯಾರೊಬ್ಬಾಮನು ಆಳುತ್ತಿದ್ದ ಉತ್ತರದ ಇಸ್ರಾಯೇಲಿನಲ್ಲಿ. ಗೆಲವು, ಐಶ್ವರ್ಯಗಳಿಂದ ಆ ರಾಜ್ಯವು ಬೀಗುತ್ತಿದ್ದ ಕಾಲವದು. ಅವನು ಹಳಿಯುವ ದಂತದ ಮಂಚಗಳು ಕವಿಕಲ್ಪನೆಯಲ್ಲ. ಕೆತ್ತಿದ ಆನೆದಂತದ ಫಲಕಗಳು ಸಮಾರ್ಯದ ಉತ್ಖನನದಲ್ಲಿ ದೊರೆತಿವೆ.

ಪಾಪಗಳನ್ನು ಮೂರು, ನಾಲ್ಕೆಂದು ಎಣಿಸುವ ಒಂದೇ ಪಲ್ಲವಿಯೊಡನೆ ಎಂಟು ವಾಣಿಗಳು ಸಾಗುವುವು. ದಮಸ್ಕದವರು ಗಿಲ್ಯಾದನ್ನು ಕಬ್ಬಿಣದ ಒಕ್ಕಣೆಯ ಸಾಧನಗಳಿಂದ ತುಳಿದರು. ಗಾಜದವರು ಸೆರೆಹಿಡಿದ ಜನರನ್ನೆಲ್ಲ ಎದೋಮಿಗೆ ಒಪ್ಪಿಸಿದರು. ತೂರ್ ಸಹೋದರರ ಒಡಂಬಡಿಕೆಯನ್ನು ಮರೆಯಿತು. ಎದೋಮ್ ತಮ್ಮನ ಮೇಲೆ ಕತ್ತಿ ಹಿಡಿಯಿತು. ಅಮ್ಮೋನ್ಯರು ಎಲ್ಲೆಯನ್ನು ವಿಸ್ತರಿಸಲೆಂದು ಗರ್ಭಿಣಿಯರ ಒಡಲನ್ನು ಸೀಳಿದರು. ಒಂದೊಂದಕ್ಕೂ ಇಸ್ರಾಯೇಲಿನ ಶ್ರೋತೃಗಳು ತಲೆದೂಗಿರಬೇಕು. ಆರನೆಯದು ಮೋವಾಬ್. ಅದರ ಅಪರಾಧವೇನು? ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣಮಾಡಿದ್ದು.

ವ್ಯಾಖ್ಯಾನಕಾರರು ಹಲವರು ಇಲ್ಲಿ ಒಂದು ಮಾತು ಹೇಳಿ ಮುಂದೆ ಸಾಗುವರು. ನಾವು ನಿಲ್ಲಬೇಕಾದುದು ಇಲ್ಲಿಯೇ. ಹಿಂಸೆಗೊಳಗಾದವನು ಇಸ್ರಾಯೇಲ್ಯನಲ್ಲ, ಸ್ವಲ್ಪ ಮುಂಚೆ ಕವಿಯೇ ದಂಡಿಸಿದ ಎದೋಮಿನವನು, ಅದೂ ಶವ. ಈ ಕೃತ್ಯದಿಂದ ಇಸ್ರಾಯೇಲಿಗೆ ಕೂದಲಷ್ಟು ನಷ್ಟವೂ ಇಲ್ಲ. ಆದರೂ ಯೆಹೋವನ ಕೋಪ ಇಲ್ಲಿ ಒಂದಿಷ್ಟೂ ತಗ್ಗಿಲ್ಲ. ಇಷ್ಟರಿಂದ ಈ ನ್ಯಾಯಾಧೀಶನು ಇಸ್ರಾಯೇಲಿನ ಹಗೆ ತೀರಿಸುವ ಕುಲದೈವವಲ್ಲವೆಂಬುದು ವ್ಯಂಗ್ಯವಾಗಿ ತೋರುವುದು. ಎಂಟನೆಯ ವಾಣಿಯಲ್ಲಿ ಕೇಳುತ್ತಿರುವವರ ಹೆಸರೇ ಬರುವುದು: ನೀತಿವಂತನನ್ನು ಬೆಳ್ಳಿಗೆ, ಬಡವನನ್ನು ಒಂದು ಜೊತೆ ಕೆರಕ್ಕೆ ಮಾರಿದವರು ಇವರು. ಪರರ ಪಾಪ ರಣರಂಗದ್ದು, ಇವರದು ಪೇಟೆಯದು. ಪಲ್ಲವಿ ಮಾತ್ರ ಒಂದೇ.

ಇದನ್ನು ಧ್ವನಿಕಾವ್ಯವೆನ್ನಬಹುದೇ? ಒಪ್ಪಲಾರೆವು. ಮೋವಾಬಿನಲ್ಲಿ ತೋರಿದ ವ್ಯಂಗ್ಯವು ಕೊನೆಯ ವಾಚ್ಯಾರ್ಥಕ್ಕೇ ಅಂಗವಾಗಿ ದುಡಿಯುವುದರಿಂದ ಆನಂದವರ್ಧನನ ಪರಿಭಾಷೆಯಲ್ಲಿ ಇದು ಗುಣೀಭೂತವ್ಯಂಗ್ಯ. ಪ್ರವಾದಿಗೆ ಅದೇ ಯುಕ್ತ. ಸಹೃದಯರಿಗೆ ಮಾತ್ರ ತಿಳಿಯುವಂತೆ ನುಡಿದು ಉಳಿದವರನ್ನು ಬಿಟ್ಟುಬಿಡುವ ಸ್ವಾತಂತ್ರ್ಯ ಅವನಿಗಿಲ್ಲ.

ತೂರ್, ಎದೋಮ್, ಯೆಹೂದಗಳ ವಾಣಿಗಳು ಪ್ರಕ್ಷಿಪ್ತವೆಂದು ಹಲವು ವಿದ್ವಾಂಸರ ಪಕ್ಷ. ಅವು ಚಿಕ್ಕವು, ಉಳಿದವುಗಳಂತೆ ಮುಗಿಯುವುದೂ ಇಲ್ಲ. ಆ ಪಕ್ಷವನ್ನು ಒಪ್ಪಿದರೆ ಮೋವಾಬಿನ ಬೆನ್ನಿಗೇ ಇಸ್ರಾಯೇಲ್ ಬರುವುದು. ನಮ್ಮ ವಾದಕ್ಕೆ ಇದರಿಂದ ಬಲವೇ ಹೊರತು ಬಾಧೆಯಿಲ್ಲ.

ಸ್ವರಾಷ್ಟ್ರದ ಗರ್ವವನ್ನು ಕವಿ ಆರನೆಯ ಅಧ್ಯಾಯದಲ್ಲಿ ಹೆಸರಿಟ್ಟೇ ಖಂಡಿಸುವನು. ಅಲ್ಲೊಂದು ಸೊಗಸಾದ ಶ್ಲೇಷವಿದೆ. ಇಸ್ರಾಯೇಲ್ಯರು ಗೆದ್ದು ಹಿಗ್ಗುವ ಊರುಗಳು ಲೋದೆಬಾರ್, ಕರ್ನಯಿಮ್. ಮೊದಲನೆಯದು ಕಿವಿಗೆ ‘ಏನೂ ಇಲ್ಲ’ವೆಂಬಂತೆ ಕೇಳಿಸುವುದು, ಎರಡನೆಯದಕ್ಕೆ ಕೊಂಬುಗಳೆಂದರ್ಥ, ಬಲದ ಸಂಕೇತ. ಶಬ್ದಪರಿವೃತ್ತಿಯನ್ನು ಸಹಿಸದ ಈ ಶ್ಲೇಷದಲ್ಲಿ ಭಾಷಾಂತರಕಾರನು ಊರನ್ನು ಉಳಿಸಿದರೆ ಅರ್ಥ ಹೋಗುವುದು, ಅರ್ಥವನ್ನು ಉಳಿಸಿದರೆ ಊರು ಹೋಗುವುದು. ಪಾಠ ಹೇಳುವವರು ಇದನ್ನು ಬಿಡಿಸಿ ತೋರಿಸಬೇಕು.

ಕ್ರಿ. ಪೂ. ೬೧೨ರಲ್ಲಿ ಬಿದ್ದ ನಿನೆವೆಯನ್ನು ಕುರಿತು ನಹೂಮನು ನುಡಿದ ವಾಣಿಯಲ್ಲಿ ರೌದ್ರವು ಇದಕ್ಕಿಂತ ಉಜ್ಜ್ವಲ. ಚಾವಟಿ, ಗಾಲಿ, ಕುದುರೆಗಳ ಸದ್ದು ಕಿವಿಗಡಚಿಕ್ಕುವುದು. ಆದರೆ ಅವನು ಸ್ವಜನರ ಪಾಪವನ್ನು ಎತ್ತುವುದಿಲ್ಲ. ಅವನ ಗ್ರಂಥ ಮುಗಿಯುವುದು ಕೇಳಿದವರ ಚಪ್ಪಾಳೆಯಲ್ಲಿ. ಕವಿತ್ವದಲ್ಲಿ ಅವನಿಗೆ ಮೇಲುಗೈಯಾದರೂ ದರ್ಶನದಲ್ಲಿ ಆಮೋಸನೇ ಹಿರಿಯನು.

ಆಮೋಸನ ಮಾತಿನ ಮೊನೆಯನ್ನು ಮೊದಲು ಅರಿತವನು ಬೇತೇಲಿನ ಯಾಜಕನಾದ ಅಮಚ್ಯನು. ಅದು ಅರಸನ ಪವಿತ್ರಸ್ಥಾನ, ಇಲ್ಲಿ ನುಡಿಯಬೇಡ, ಯೆಹೂದಕ್ಕೆ ಹೋಗಿ ಅಲ್ಲಿ ಪ್ರವಾದಿಸು ಎಂದು ಅವನು ಆಜ್ಞಾಪಿಸಿದನು. ಅಲ್ಲಿ ನುಡಿದಿದ್ದರೆ ಎಂಟನೆಯ ವಾಣಿಯೂ ಪರರಾಷ್ಟ್ರವನ್ನು ಕುರಿತದ್ದೇ ಆಗುತ್ತಿತ್ತು.